ಖಾಲಿ ಪಾತೇಲಿ

ಆ ಮುಂಜಾನೆ ಪರದೇಶದ ವಿಮಾನ ನಿಲ್ದಾಣದ ಹೊರಗೆ ಸಣ್ಣಗೆ ಹಿಮ ಬೀಳುತ್ತಿತ್ತು. ಪ್ರವಾಸಿಗರಿಗೆ ತೆರಿಗೆ ವಾಪಸು ಕೊಡುವ ಕಿಟಕಿಯ ಮುಂದೆ ನೀಲವ್ವ ತಾನು ಕೊಂಡ ಹೊಸ ಅಡುಗೆ ಪಾತೇಲಿಯನ್ನು ಎದೆಗವಚಿಕೊಂಡು, ಶಿವನಾಮ ಜಪಿಸುತ್ತ ಸೊಸೆಯ ಜೊತೆ ನಿಂತಿದ್ದಳು.

ಕಿಟಕಿಯ ಅಧಿಕಾರಿ ಪಾತೇಲಿ ಇಸಿದುಕೊಂಡು ಮುಚ್ಚಳ ತೆಗೆದ. ಒಳಗೆ ಅವಲಕ್ಕಿ ಚೂಡಾ ತುಂಬಿತ್ತು.

“ಬಳಸಿದ ಸಾಮಾನಿಗೆ ತೆರಿಗಿ ವಾಪಸ್ ಕೊಡೂದಿಲ್ಲಂತ್ರೀ ಅತ್ತಿ,” ಸೊಸೆ ತಿಳಿಸಿದಳು.

“ಎಲ್ಲಿ ಬಳಸೇನಿ? ಹೊಸಾ ಪಾತೇಲಿ ಮನಿಗೆ ಖಾಲಿ ಒಯ್ಯಬಾರದಂತ ನಾಕ ಹಿಡಿ ಚೂಡಾ ಹಾಕೇನಿ, ಅಷ್ಟ. ಅಡಿಗಿ ಮಾಡಿದ್ರ ತಳ ಕರ್ರಗ ಆಗತಿತ್ತು ಅನ್ನು!”

ತಳ ನೋಡಲೆಂದು ಅವನು ಚೂಡಾವನ್ನು ಕಾಗದದ ಮೇಲೆ ಸುರುವಿದ. ಪಾತೇಲಿ ತಿರುಗಿಸುತ್ತ ಒಂದು ಶೇಂಗಾ ಬಾಯಿಗೆ ಹಾಕಿಕೊಂಡ. ಆಮೇಲೆ ಒಂದು ಮುಕ್ಕು. ಸೊಸೆ ವಾದ ಮಾಡುತ್ತಲೇ ಇದ್ದಳು, ಅವನು ತಿನ್ನುತ್ತಲೇ ಇದ್ದ. ಕಡೆಗೆ ನಿಯಮದ ಹಾಳೆ ತೋರಿಸಿ, ಆಗುವುದಿಲ್ಲವೆಂದು ತಲೆಯಾಡಿಸಿ ಪಾತೇಲಿ ಚಾಚಿದ.

ನೀಲವ್ವ ಕೈ ಹಿಂದಕ್ಕೆ ಕಟ್ಟಿಕೊಂಡಳು. “ಖಾಲಿ ತಗೊಳ್ಳಾಂಗಿಲ್ಲ. ನನ್ನ ಚೂಡಾ ಎಲ್ಲಿ ಅಂತ ಕೇಳು.”

ಸೊಸೆ ಕೇಳಿದಳು.

ಅಧಿಕಾರಿ ಬರಿದಾದ ಕಾಗದ ನೋಡಿದ, ಮೀಸೆಗಂಟಿದ ಅವಲಕ್ಕಿ ಒರೆಸಿಕೊಂಡ, ವಾಪಸು ಕೊಡಬೇಕಾದ ತೆರಿಗೆಯ ನೋಟುಗಳನ್ನು ಪಾತೇಲಿಯೊಳಗಿಟ್ಟು ಮುಚ್ಚಳ ಮುಚ್ಚಿ ಕೊಟ್ಟ.