ಮುರಿದ ಚಿಲಕ

ಆ ಸೀಮೆಯಲ್ಲಿ ಸಂಜೆಯಾದರೆ ಭೂಮಿಯ ಹಿಡಿತ ಸಡಿಲಗೊಂಡು ಹಗುರಾದದ್ದೆಲ್ಲ ಮೇಲಕ್ಕೆ ತೇಲುತ್ತಿತ್ತು. ಜನ ಅದಕ್ಕೆ ಒಗ್ಗಿಹೋಗಿದ್ದರು. ಕೋಳಿಗಳ ಕಾಲಿಗೆ ಕಲ್ಲು ಕಟ್ಟಿ, ಮಕ್ಕಳನ್ನು ಒಳಗೆ ಕರೆದು ಕಿಟಕಿ ಭದ್ರಪಡಿಸುತ್ತಿದ್ದರು. ಸಾಕಮ್ಮನ ಬಾಡಿಗೆ ಮನೆಯ ಕಿಟಕಿಯ ಚಿಲಕ ಮಾತ್ರ ಮುರಿದಿತ್ತು. ಕೈಮುಗಿದು ಕೇಳಿದಾಗಲೆಲ್ಲ ಓನರ್ ಪುಟ್ಟರಂಗಯ್ಯ, "ಹಗ್ಗ ಬಿಗಿದ್ಕೊಳ್ಳಮ್ಮ. ನಾನೇನು ಅರಮನೆ ಕೊಟ್ಟಿದೀನಾ ನಿಂಗೆ?" ಎಂದು ರೇಗುತ್ತಿದ್ದ.

ನಿನ್ನೆ ಸಂಜೆ ಆ ಹಗ್ಗ ಕಿತ್ತುಬಂತು. ಇನ್ನೂ ಮಾತು ಬಾರದ ಮಗು ಚೆಲುವಿ ಕಿಟಕಿಯಿಂದ ತೇಲಿಹೋಗಿ, ತಾಯಿಯ ಕಣ್ಣೆದುರಿಗೇ ಮೋಡದಲ್ಲಿ ಮರೆಯಾದಳು.

ಬೆಳಗ್ಗೆ ಓನರ್ ತಾನಾಗಿಯೇ ಬಂದ. ಜೊತೆಗೆ ಆಚಾರಿ, ಕೈಯಲ್ಲಿ ಹೊಸ ಚಿಲಕ. ಸಾಕಮ್ಮ ಕಿಟಕಿಗೆ ಅಡ್ಡ ನಿಂತಳು.

"ಅದನ್ನ ಮುಟ್ಟಿದ್ರೆ ಕೈ ಕಡೀತೀನಿ, ಪಾಪಿ! ಮಗು ಇಳ್ಕೊಂಡು ಬಂದ್ರೆ? ಬಾಗಿಲು ತಟ್ಟೋಕೂ ಬರಲ್ಲ ಅದಕ್ಕೆ."