ದೂರ ನಿಲ್ಲೋ!

‘ಮೇಷ್ಟ್ರಿಗೆ ಹೋಗಿ “ನಿಲ್ಲೋ” ಅನ್ನೋದು ಹೇಗಪ್ಪಾ!’ ಎಲ್ಲರೂ ಮೌನಗೌರಿ ಎನ್ನುವ ಅವಳಿಗೆ ಅದೊಂದೇ ಚಿಂತೆ. ಆತ್ಮರಕ್ಷಣೆ ತರಗತಿಯಲ್ಲಿ ಅಂದು ಪರೀಕ್ಷೆ. ಪುಂಡನಾಗಿ ಬರುವ ಮೇಷ್ಟ್ರನ್ನು ಅವರು ಕೈ ಎತ್ತುವ ಮೊದಲೇ ಕೂಗಿ ತಡೆಯಬೇಕು. ಕಳೆದ ಸಲ ಅವಳು “ದಯವಿಟ್ಟು ಹೊಡೀಬೇಡಿ ಮೇಷ್ಟ್ರೇ” ಅಂದಿದ್ದಳು. “ಕೂತ್ಕೊಳ್ಳೋಕೆ ಕುರ್ಚಿನೂ ಹಾಕೇ!” ಎಂದು ಜೊತೆಗೇ ಕಲಿಯುತ್ತಿದ್ದ ಅಕ್ಕ ಬಿದ್ದು ಬಿದ್ದು ನಕ್ಕಿದ್ದಳು.

ಮೇಷ್ಟ್ರು ಬೈಯುತ್ತಾ, ಗದರುತ್ತಾ ಹತ್ತಿರ ಬಂದರು. ಉಳಿದವರೆಲ್ಲ ಮುಷ್ಟಿಯನ್ನೇ ನೋಡುತ್ತಾ ಏಟು ತಿಂದಿದ್ದರು. ಅವಳು ಮುಖ ನೋಡಿದಳು. ಬೈಗುಳ ತಟ್ಟನೆ ನಿಂತಿತು.

“ದೂರ ನಿಲ್ಲೋ!”

ಮೇಷ್ಟ್ರು ಬೆಚ್ಚಿ ಹಿಂದೆ ಸರಿದರು. ಅಕ್ಕ ಶಿಳ್ಳೆ ಹೊಡೆದಳು.

“ಕೈ ಇನ್ನೂ ಎತ್ತೇ ಇರ್ಲಿಲ್ಲ! ಹೇಗಮ್ಮ ಗೊತ್ತಾಯ್ತು?” ಎಂದರು ಮೇಷ್ಟ್ರು.

ಅವಳು ನಕ್ಕುಬಿಟ್ಟಳು. “ನೀವು ಮಾತು ನಿಲ್ಸಿದ್ರಲ್ಲ ಮೇಷ್ಟ್ರೇ. ಸುಮ್ಮನಿರೋರ ಹೊಟ್ಟೇಲಿ ಏನೇನಿರುತ್ತೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?”