ಮೂರು ಕರೆ... ಮೂರೂ ‘ಬಗೆಹರಿದಿದೆ’

ಇದನ್ನು ಕೇಳಿದಾಗ ನನಗೆ ಸಿಟ್ಟು ಬಂತು... ನಿಮಗೂ ಬರಲಿ ಅಂತಲೇ ಬರೆಯುತ್ತಿದ್ದೇನೆ.

ಅದೊಂದು ವಿದ್ಯುತ್ ಕಂಪನಿ. ಜನರ ದೂರು ಕೇಳಲು ಮೊದಲು ಅಲ್ಲಿ ಮೂವತ್ತು ಮಂದಿ ಫೋನಿನ ಮುಂದೆ ಕೂರುತ್ತಿದ್ದರು.

ಆಮೇಲೆ ಎಐ ಬಂತು. ಫೋನ್ ಎತ್ತುವುದು ಯಂತ್ರ, ದೂರು ಬರೆದುಕೊಳ್ಳುವುದು ಯಂತ್ರ, ಲೈನ್‌ಮನ್‌ಗೆ ಮೆಸೇಜ್ ಕಳಿಸುವುದೂ ಯಂತ್ರವೇ...

ಮೂವತ್ತರಲ್ಲಿ ಉಳಿದವರು ಇಬ್ಬರು. ಅವರಲ್ಲೊಬ್ಬಳು ರೇಷ್ಮಾ ನದಾಫ್. ಕಾಂಟ್ರ್ಯಾಕ್ಟ್ ಕೆಲಸ. ಯಂತ್ರ ಮಾತಾಡಿದ ಕರೆಗಳಲ್ಲಿ ದಿನಕ್ಕೆ ಐವತ್ತನ್ನು ಕೇಳಿ, ಸರಿ ಇದ್ದರೆ ಟಿಕ್ ಹಾಕಬೇಕು, ಅಷ್ಟೇ.

ಒಂದು ಗುರುವಾರ ಹೆಡ್‌ಫೋನಿನಲ್ಲಿ ಒಬ್ಬ ಮುದುಕಿಯ ದನಿ ಕೇಳಿಸಿತು.

“ಯಪ್ಪಾ, ಕರೆಂಟಿನ ತಂತಿ ಹರದ ಬಿದ್ದೈತ್ರೀ... ಸಾಲಿ ಹುಡ್ರು ಬರೂ ಹೊತ್ತಾತು... ಲಗೂನ ಬಂದ್ ಮಾಡ್ರಿ!”

“ಕ್ಷಮಿಸಿ, ನಿಮ್ಮ ಮಾತು ಅರ್ಥವಾಗಲಿಲ್ಲ. ದಯವಿಟ್ಟು ಸ್ಪಷ್ಟವಾಗಿ ಹೇಳಿ,” ಎಂದಿತು ಯಂತ್ರದ ಹೆಣ್ಣುದನಿ.

ರೇಷ್ಮಾ ಬೆಚ್ಚಿಬಿದ್ದಳು. ಅದು ಅವಳ ಅಜ್ಜಿ ಆಡುವಂಥದ್ದೇ ಮಾತು. ಅದರಲ್ಲಿ ಅರ್ಥವಾಗದಿರಲು ಏನಿದೆ?

ಅದೇ ನಂಬರಿನಿಂದ ಇನ್ನೂ ಎರಡು ಕರೆ ಬಂದಿದ್ದವು. ಎರಡನೆಯದರಲ್ಲಿ ಮುದುಕಿ ಅಳುತ್ತಿದ್ದಳು. ಪಕ್ಕದ ಮನೆಯ ಆಡು ತಂತಿ ತುಳಿದು ಅಲ್ಲೇ ಸತ್ತುಹೋಗಿತ್ತು.

“ಕ್ಷಮಿಸಿ, ಅರ್ಥವಾಗಲಿಲ್ಲ.”

ಮೂರನೆಯ ಕರೆಯಲ್ಲಿ ದನಿ ಬದಲಾಗಿತ್ತು. ಟಿವಿಯಲ್ಲಿ ವಾರ್ತೆ ಓದುವವರ ಹಾಗೆ, ಒಂದೊಂದೇ ಶಬ್ದ ಹುಡುಕಿ ಹುಡುಕಿ ಹೇಳುತ್ತಿದ್ದಳು...

“ವಿದ್ಯುತ್... ತಂತಿ... ತುಂಡಾಗಿ... ಬಿದ್ದಿದೆ... ದಯವಿಟ್ಟು... ಏ ತಮ್ಮಾ, ದಾಟಬ್ಯಾಡೋ! ಹಿಂದಕ ಸರಿ! ಸತ್ತೀಯೋ!”

“ಕ್ಷಮಿಸಿ, ಅರ್ಥವಾಗಲಿಲ್ಲ. ಬೇರೆ ಏನಾದರೂ ಸಹಾಯ ಬೇಕೇ?”

ಕರೆ ಕಟ್ಟಾಯಿತು. ರೇಷ್ಮಾ ದಾಖಲೆ ತೆರೆದು ನೋಡಿದಳು. ಕರೆಗಳು ಬಂದದ್ದು ಮಂಗಳವಾರ.

ದೂರು ಮೂರು. ಬಗೆಹರಿದದ್ದು ಮೂರು.

ಗ್ರಾಹಕರು ಮತ್ತೇನೂ ಹೇಳದೆ ಫೋನ್ ಇಟ್ಟರೆ, ಸಮಸ್ಯೆ ಮುಗಿಯಿತು ಎಂದು ಯಂತ್ರ ಬರೆದುಕೊಳ್ಳುತ್ತಿತ್ತು!

ಅವಳು ಆ ನಂಬರಿಗೆ ಫೋನ್ ಮಾಡಿದಳು, ಯಾರೂ ಎತ್ತಲಿಲ್ಲ. ಸೂಪರ್‌ವೈಸರ್ ಹತ್ತಿರ ಓಡಿದಳು.

“ಕ್ಲೋಸ್ ಆಗಿದೆಯಲ್ಲಮ್ಮ, ಬಿಡು. ನಾಳೆ ದೊಡ್ಡ ಮೀಟಿಂಗ್ ಇದೆ. ಈಗ ಹೊಸ ತಲೆನೋವು ತರಬೇಡ. ನಿನ್ನ ಕಾಂಟ್ರ್ಯಾಕ್ಟ್ ಬೇರೆ ಈ ತಿಂಗಳಿಗೆ ಮುಗಿಯುತ್ತೆ...”

ಮರುದಿನ ಮೀಟಿಂಗ್. ಚೀಫ್ ಎಂಜಿನಿಯರ್ ಕೃಷ್ಣಪ್ರಸಾದ್, ಅವರ ಸುತ್ತ ಹತ್ತು ಅಧಿಕಾರಿಗಳು. ಎಐ ಮಾರಿದ ಸಂಸ್ಥೆಯವನು ಕೋಟು ಹಾಕಿಕೊಂಡು ಪರದೆಯ ಮುಂದೆ ನಿಂತಿದ್ದ. ಸ್ಲೈಡ್ ಬದಲಿಸುವ ಕೆಲಸ ರೇಷ್ಮಾಳದು.

“ನೂರಕ್ಕೆ ತೊಂಬತ್ತಾರು ದೂರು ಬಗೆಹರಿದಿದೆ ಸರ್! ಸರಾಸರಿ ಐವತ್ತು ಸೆಕೆಂಡ್! ಮನುಷ್ಯರಿಂದ ಇದು ಸಾಧ್ಯವೇ ಇರಲಿಲ್ಲ.”

ಎಲ್ಲರೂ ಚಪ್ಪಾಳೆ ತಟ್ಟಿದರು.

ಮುಂದಿನ ಸ್ಲೈಡ್ ಬರಲಿಲ್ಲ. ರೇಷ್ಮಾ ಎದ್ದು ನಿಂತಿದ್ದಳು.

“ಸರ್, ನೀವು ಬಗೆಹರಿದಿದೆ ಅಂತ ಲೆಕ್ಕ ಹಿಡಿದದ್ದರಲ್ಲಿ ಇದೂ ಇದೆ. ಕೇಳಿ.”

ಸೂಪರ್‌ವೈಸರ್ ಕಣ್ಣು ಕೆಕ್ಕರಿಸಿದ. ಅವಳು ನೋಡಲೇ ಇಲ್ಲ. ಮೂರೂ ಕರೆಗಳನ್ನು ಒಂದಾದ ಮೇಲೊಂದು ಹಾಕಿದಳು.

“ಸತ್ತೀಯೋ!” ಎಂಬ ಕೂಗು ಇಡೀ ಹಾಲ್ ತುಂಬಿತು...

“ಭಾಷೆಯ ಚಿಕ್ಕ ಸಮಸ್ಯೆ ಸರ್... ಮುಂದಿನ ಅಪ್‌ಡೇಟ್‌ನಲ್ಲಿ...” ಕೋಟಿನವನು ತಡವರಿಸಿದ.

“ಚಿಕ್ಕ ಸಮಸ್ಯೆನಾ?” ರೇಷ್ಮಾಳ ದನಿ ಏರಿತು. “ಆ ತಂತಿ ನಿಮ್ಮ ಮಕ್ಕಳ ಸ್ಕೂಲ್ ಬಸ್ಸಿನ ಮುಂದೆ ಬಿದ್ದಿದ್ದರೆ ಅಪ್‌ಡೇಟ್ ಬರೋವರೆಗೂ ಕಾಯ್ತಿದ್ದಿರಾ?”

ಕೋಟಿನವನು ಕುರ್ಚಿ ಎಳೆದು ಕೂತ.

ಕೃಷ್ಣಪ್ರಸಾದ್ ನಿಧಾನವಾಗಿ ಕೇಳಿದರು, “ಆ ಅಜ್ಜಿ... ಬದುಕಿದ್ದಾರೆಯೇ?”

ಅದು ಆ ಕಟ್ಟಡದಲ್ಲಿ ಯಾರಿಗೂ ಗೊತ್ತಿರಲಿಲ್ಲ! ಅಷ್ಟೊಂದು ಡೇಟಾ ಇತ್ತು... ಇದೊಂದು ಇರಲಿಲ್ಲ.

ರೇಷ್ಮಾ ಅಲ್ಲೇ ಮತ್ತೆ ಆ ನಂಬರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದಳು. ರಿಂಗ್ ಆಯಿತು... ಆಗುತ್ತಲೇ ಇತ್ತು...

“ಯಾರ್ರೀ?”

ಅವಳೇ. ಹೆಸರು ಸಾವಂತ್ರೆವ್ವ. ಖಾನಾವಳಿಗೆ ರೊಟ್ಟಿ ಬಡಿದುಕೊಡುವ ಒಂಟಿ ಹೆಂಗಸು. ಓಣಿಯವರೆಲ್ಲ ಬೆಳಿಗ್ಗೆಯೇ ಕೂಲಿಗೆ ಹೋಗಿದ್ದರಂತೆ. ಅವಳು ಓಣಿಗೆ ಅಡ್ಡಲಾಗಿ ಹೊರಸಿನ ಮಂಚ ಹಾಕಿ, ಬಿಸಿಲಲ್ಲಿ ಎರಡು ತಾಸು ನಿಂತು, ಶಾಲೆಯ ಮಕ್ಕಳನ್ನೆಲ್ಲ ಹಿಂದಕ್ಕೆ ಕಳಿಸಿದ್ದಳು. ಆ ದಾರಿಯಲ್ಲಿ ಆಕಸ್ಮಿಕವಾಗಿ ಬಂದ ಲೈನ್‌ಮನ್ ಒಬ್ಬ ನೋಡಿ ಕರೆಂಟ್ ತೆಗೆದನಂತೆ.

“ಅಮ್ಮಾ, ನಾನು ಚೀಫ್ ಎಂಜಿನಿಯರ್ ಮಾತಾಡ್ತಿರೋದು. ನಮ್ಮಿಂದ ದೊಡ್ಡ ತಪ್ಪಾಗಿದೆ...”

ಆಕೆ ಬೈಯುತ್ತಾಳೆ ಎಂದು ಎಲ್ಲರೂ ತಲೆ ತಗ್ಗಿಸಿ ಕೂತಿದ್ದರು.

“ನಿಮ್ಮ ತಪ್ಪಲ್ರೀ ಸಾಹೇಬ್ರ,” ಎಂದಳು ಸಾವಂತ್ರೆವ್ವ. “ತಪ್ಪ ನಂದ ಐತ್ರೀ. ನಾ ಸಾಲಿ ಕಲ್ತಾಕಿ ಅಲ್ಲ. ನನಗ ಚೊಲೋ ಕನ್ನಡ ಬರೂದಿಲ್ರೀ... ಅದಕ್ಕ ಆ ಫೋನಿನ್ಯಾಗಿನ ಬಾಯಾರಿಗೆ ತಿಳೀಲಿಲ್ಲ. ಒಂದು ಹುಡುಗಗ ಏನರ ಆಗಿದ್ರ ನನ್ನ ಬಾಯಿಂದನ ಆಗ್ತಿತ್ತು ಅಂತ ಮೂರು ದಿನದಿಂದ ತುತ್ತು ಇಳಿವಲ್ದು...”

ಹುಟ್ಟಿದಾಗಿನಿಂದ ಕನ್ನಡವನ್ನೇ ಆಡಿದ ಹೆಂಗಸು... ಕನ್ನಡ ಬರುವುದಿಲ್ಲ ಎಂದು ಕ್ಷಮೆ ಕೇಳುತ್ತಿದ್ದಳು!

ರೇಷ್ಮಾ ಫೋನಿನತ್ತ ಬಾಗಿದಳು. ಅವಳೂ ತನ್ನ ಮನೆಮಾತಿನಲ್ಲೇ ಹೇಳಿದಳು,

“ಯವ್ವಾ, ನಿಮ್ಮ ಕನ್ನಡಕ್ಕ ಏನೂ ಆಗಿಲ್ಲ. ನಿಮ್ಮ ಮಾತು ಕೇಳಾಕ ಇಲ್ಲಿ ಒಬ್ಬ ಮನಶ್ಯಾನೂ ಇದ್ದಿದ್ದಿಲ್ಲ. ಅಷ್ಟ.”

ಕೃಷ್ಣಪ್ರಸಾದ್ ಎದ್ದು ತಾವೇ ಪ್ರೊಜೆಕ್ಟರ್ ಆರಿಸಿದರು. ಅವರ ಕಣ್ಣು ಒದ್ದೆಯಾಗಿತ್ತು.

ಆ ವಾರವೇ ಹೊಸ ಆದೇಶ ಬಂತು. ಒಮ್ಮೆ ಅರ್ಥವಾಗದಿದ್ದರೆ ಸಾಕು, ಕರೆ ಮನುಷ್ಯರಿಗೇ ಹೋಗಬೇಕು. ದೂರು ಮುಗಿಯಿತು ಎಂದು ಹೇಳುವ ಅಧಿಕಾರ ಯಂತ್ರಕ್ಕಿಲ್ಲ, ದೂರು ಕೊಟ್ಟವರಿಗೆ ಮಾತ್ರ. ಮನೆಗೆ ಕಳಿಸಿದವರಲ್ಲಿ ಹನ್ನೆರಡು ಜನ ವಾಪಸ್ ಬಂದರು, ಬೀದರಿನವರು, ಕೋಲಾರದವರು, ಕುಂದಾಪುರದವರು...

ರೇಷ್ಮಾಳ ಕಾಂಟ್ರ್ಯಾಕ್ಟ್ ಮುಂದುವರಿಯಿತು. ಅವಳು ಸಿಹಿ ಹಂಚಲಿಲ್ಲ. ಬಗೆಹರಿದಿದೆ ಎಂದು ಬರೆದಿಟ್ಟ ಹಳೆಯ ಕರೆಗಳನ್ನು ಮೊದಲಿನಿಂದ ಕೇಳಲು ಕೂತಳು.

ಯಂತ್ರಕ್ಕೆ ತಿಳಿಯದ ಮಾತು ತಪ್ಪು ಮಾತಲ್ಲ... ಕೇಳಿಸಿಕೊಳ್ಳದ ವ್ಯವಸ್ಥೆಯೇ ತಪ್ಪು.

ಎದುರಿನವರ ಮಾತು ತಿಳಿಯದಿದ್ದಾಗ, ಕೊರತೆ ಅವರದೇ ಎಂದು ನಾವೂ ಎಷ್ಟು ಸಲ ಮುಖ ತಿರುಗಿಸಿದ್ದೇವೆ?